ಅಚ್ಚಾದ ದಿನಕ್ಕೆ ಸರಿಯಾಗೇ ಇತ್ತು

ಭಾಗ 1

ಫೋಟೋದಲ್ಲಿರೋದು ನನ್ನ ಬೋರ್ಡಿಂಗ್ ಪಾಸ್. ಜೂಮ್ ಮಾಡಿ ನೋಡಿ. ಹೆಸರು, ಸೀಟ್ ನಂಬರು, ಗೇಟು ಎಲ್ಲಾ ಬಾಲ್‌ಪೆನ್ನಲ್ಲಿ ಬರೆದಿದ್ದು. ಯಾವುದೋ ಹಳೇ ಕಾಲದ್ದಲ್ಲ, 2024ರ ಜುಲೈ 19ರದ್ದು.

ಆ ಶುಕ್ರವಾರ ನಿಮಗೂ ನೆನಪಿರಬೇಕು. ಕ್ರೌಡ್‌ಸ್ಟ್ರೈಕ್ ಅನ್ನೋ ಕಂಪನಿ ಕಳಿಸಿದ ಒಂದು ಕೆಟ್ಟ ಅಪ್‌ಡೇಟ್‌ನಿಂದ ಪ್ರಪಂಚದ ಲಕ್ಷಾಂತರ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿಕೊಂಡು ಕೂತವು. ನನ್ನ ಜೀವನದ ಮೊದಲ ವಿದೇಶ ಪ್ರಯಾಣ ಸರಿಯಾಗಿ ಅವತ್ತೇ ಇರಬೇಕಾ? ಬೆಂಗಳೂರಿನ ಏರ್‌ಪೋರ್ಟಲ್ಲಿ ಉದ್ದೋಉದ್ದ ಕ್ಯೂ. ಕೌಂಟರ್‌ನಲ್ಲಿದ್ದ ಹುಡುಗ ಬೆವರು ಒರೆಸಿಕೊಳ್ತಾ ಒಂದು ಖಾಲಿ ಚೀಟಿ ತಗೊಂಡು ನನ್ನ ಹೆಸರು ಬರೆದ. ಸ್ಪೆಲ್ಲಿಂಗ್ ತಪ್ಪಾಯ್ತು, ಹೊಡೆದುಹಾಕಿ ಮತ್ತೆ ಬರೆದ. ಅಪ್ಪ ಗಾಜಿನ ಆಚೆಯಿಂದ ಫೋನ್ ಮಾಡಿ, ‘ಇದು ನಡೆಯುತ್ತೇನಮ್ಮಾ ಅಲ್ಲಿ?’ ಅಂದ್ರು. ನಡೀತು.

ಎಲ್ಲಿಗೆ ಹೊರಟಿದ್ದೆ ಅಂತ ಡಿಎಂನಲ್ಲಿ ತುಂಬ ಜನ ಕೇಳಿದ್ರಿ. ಶಿಕಾಗೋಗೆ. ಅಲ್ಲಿ ಜುಲೈ 20ರಿಂದ 23ರವರೆಗೆ ಅಮೆರಿಕನ್ ಅಸೋಸಿಯೇಷನ್ ಆಫ್ ಲಾ ಲೈಬ್ರರೀಸ್‌ನ ವಾರ್ಷಿಕ ಸಮ್ಮೇಳನ. 1906ರಲ್ಲಿ ಶುರುವಾದ ಸಂಘ ಅದು. ಹೆಸರಲ್ಲಿ ಅಮೆರಿಕ ಇದ್ರೂ ಬೇರೆ ದೇಶಗಳಿಂದಲೂ ಬರ್ತಾರೆ. ವಿದೇಶಿ ಮತ್ತು ಅಂತರರಾಷ್ಟ್ರೀಯ ಕಾನೂನು ನೋಡಿಕೊಳ್ಳೋ ಲೈಬ್ರೇರಿಯನ್‌ಗಳದ್ದೇ ಒಂದು ವಿಭಾಗ ಇದೆ ಅದರಲ್ಲಿ.

‘ಲಾ ಲೈಬ್ರೇರಿಯನ್‌ಗಳಿಗೂ ಸಮ್ಮೇಳನನಾ?’ ಅಂತ ನಗಬೇಡಿ. ನಮ್ಮ ಚಿಕ್ಕಪ್ಪ ಆಗಲೇ ನಕ್ಕಾಗಿದೆ. ‘ಪುಸ್ತಕ ಕೊಡೋದು, ವಾಪಸ್ ತಗೊಳ್ಳೋದು, ಇದಕ್ಕೆ ಅಮೆರಿಕಕ್ಕೆ ಹೋಗ್ಬೇಕಾ?’ ಅಂದ್ರು. ನೋಂದಣಿ ಶುಲ್ಕದಲ್ಲಿ ಸ್ವಲ್ಪ ರಿಯಾಯಿತಿ ಸಿಕ್ಕಿತ್ತು. ಟಿಕೆಟ್ಟಿಗೆ ನಾನು ಚೀಟಿ ಎತ್ತಿದೆ. ರಜೆ ಸಂಬಳವಿಲ್ಲದ ರಜೆ.

ನಿಜ ಹೇಳ್ಬೇಕು ಅಂದ್ರೆ ನಾನು ಹೋಗಿದ್ದು ಕಲಿಯೋಕಲ್ಲ. ಮೂರು ವರ್ಷದಿಂದ ಒಂದು ವಿಷಯ ತಲೇಲಿ ಕೂತಿತ್ತು. ಅದನ್ನ ನನ್ನ ಕೆಲಸ ಗೊತ್ತಿರೋ ಯಾರ ಹತ್ರನಾದ್ರೂ ಹೇಳ್ಕೋಬೇಕಿತ್ತು. ಊರಲ್ಲಿ ಹೇಳಿದ್ರೆ ಎಲ್ಲರೂ ‘ಅಯ್ಯೋ ಬಿಡು’ ಅನ್ನೋರೇ.

ಆ ವಿಷಯ ಏನು ಅಂತ ನಾಳೆ.

ಭಾಗ 2

ಇವತ್ತಿನ ಫೋಟೋ ಒಂದು ಪುಸ್ತಕದ ಬೆನ್ನು. ಕರ್ನಾಟಕ ಭೂ ಸುಧಾರಣಾ ಅಧಿನಿಯಮ, 1961. ಕನ್ನಡದ್ದು. ಒಳಪುಟದಲ್ಲಿ ಮುದ್ರಣದ ವರ್ಷ 2013.

2021ರ ಮಾರ್ಚ್. ನಾನು ಕೆಲಸಕ್ಕೆ ಸೇರಿ ಎರಡು ತಿಂಗಳೂ ಆಗಿರಲಿಲ್ಲ. ನಮ್ಮದು ಲಾ ಕಾಲೇಜಿನ ಲೈಬ್ರರಿ, ಹೊರಗಿನವರಿಗೆ ಪುಸ್ತಕ ಮನೆಗೆ ಕೊಡಲ್ಲ, ಆದ್ರೆ ಕೂತು ಓದೋಕೆ ಬಿಡ್ತೀವಿ. ಒಬ್ಬ ರಿಟೈರ್ಡ್ ಮೇಷ್ಟ್ರು ಬಂದ್ರು. ಮಾಸ್ಕ್ ಮೇಲೆ ಕನ್ನಡಕ, ಕನ್ನಡಕದ ತುಂಬ ಉಸಿರಿನ ಹಬೆ. ತಿಪಟೂರಿನ ಕಡೆ ಅವರ ತಾತನ ಕಾಲದಲ್ಲಿ ಕೈಬಿಟ್ಟು ಹೋಗಿದ್ದ ಎರಡು ಎಕರೆ ತೆಂಗಿನ ತೋಟ ಮಾರಾಟಕ್ಕೆ ಬಂದಿದೆಯಂತೆ. ‘ನನ್ನಂಥೋನು ತಗೋಬಹುದಾ ಅಂತ ಕಾಯ್ದೆ ನೋಡ್ಬೇಕಿತ್ತಮ್ಮ. ಪೇಪರಲ್ಲಿ ಏನೇನೋ ಬಂತು, ಬದಲಾಗಿದೆ ಅಂತ. ಪೇಪರ್ ಬೇಡ, ಪುಸ್ತಕದಲ್ಲಿ ಏನಿದೆ ನೋಡೋಣ. ಕನ್ನಡದ್ದಿದ್ರೆ ಕೊಡು’ ಅಂದ್ರು.

ಎರಡೇ ನಿಮಿಷದಲ್ಲಿ ತೆಗೆದುಕೊಟ್ಟೆ. ನಮ್ಮ ಬ್ಯಾಚಿನೋರಿಗೆ ರಂಗನಾಥನ್ ಅವರ ಐದು ಸೂತ್ರ ಬಾಯಿಪಾಠ ಅಲ್ವಾ? ನಾಲ್ಕನೇದು ಓದುಗರ ಸಮಯ ಉಳಿಸೋದು. ಉಳಿಸಿದೆ ನೋಡಿ!

ಮೇಷ್ಟ್ರು 79ಎ ಕಲಂ ಇರೋ ಪುಟ ತೆಗೆದು, ಬೆರಳಿಟ್ಟು, ಮೆಲ್ಲಗೆ ಓದಿದ್ರು. ಕೃಷಿಯೇತರ ಆದಾಯ ವರ್ಷಕ್ಕೆ ಎರಡು ಲಕ್ಷ ಮೀರಿದವರು ಕೃಷಿ ಜಮೀನು ಕೊಳ್ಳೋ ಹಾಗಿಲ್ಲ ಅನ್ನೋ ಕಲಂ ಅದು. ಪೆನ್ಶನ್ ಲೆಕ್ಕ ಹಾಕಿದ್ರು. ಒಂದು ಚೀಟೀಲಿ ಏನೋ ಗುರುತು ಮಾಡ್ಕೊಂಡು, ಪುಸ್ತಕ ಮುಚ್ಚಿ, ಎರಡೂ ಕೈಲಿ ವಾಪಸ್ ಕೊಟ್ರು. ‘ಆಗಲ್ವಂತೆ ಕಣಮ್ಮ’ ಅಂದ್ರು. ನಾನು ‘ಓ, ಹೌದಾ ಸರ್’ ಅಂದೆ.

ಈಗ ಕೇಳಿ. ಆ ಎರಡು ಲಕ್ಷದ ಮಿತಿ 2015ರಲ್ಲೇ 25 ಲಕ್ಷ ಆಗಿತ್ತು. 2020ರಲ್ಲಿ 79ಎ, 79ಬಿ ಎರಡನ್ನೂ ಕಾಯ್ದೆಯಿಂದಲೇ ತೆಗೆದುಹಾಕಿದ್ರು. ಆ ತಿದ್ದುಪಡಿ ವಿರುದ್ಧ ರೈತರು ಬೀದಿಗಿಳಿದಿದ್ದು, ಸೆಪ್ಟೆಂಬರಲ್ಲಿ ಬಂದ್ ಆಗಿದ್ದು ನಿಮಗೆ ಗೊತ್ತಿದೆ. ತೆಗೆದಿದ್ದು ಸರಿನಾ ತಪ್ಪಾ ಅನ್ನೋದು ದೊಡ್ಡ ಜಗಳ, ಅದನ್ನ ಇಲ್ಲಿ ತರಲ್ಲ. ನಾನು ಹೇಳ್ತಿರೋದು ಇಷ್ಟೇ. ಮೇಷ್ಟ್ರು ಬೆರಳಿಟ್ಟು ಓದಿದ ಸಾಲು ಅವತ್ತು ಕಾನೂನಾಗಿರಲಿಲ್ಲ. ಪೇಪರೇ ಸರಿ ಇತ್ತು, ಪುಸ್ತಕ ತಪ್ಪಿತ್ತು. ಅದನ್ನ ಕೈಗೆ ಕೊಟ್ಟೋಳು ನಾನು.

ಇನ್ನೊಂದು ಮಾತು, ಇದನ್ನ ಬರೆಯೋಕೆ ಕಷ್ಟ ಆಗ್ತಿದೆ. ಅದೇ ಕಾಯ್ದೆಯ ಇಂಗ್ಲಿಷ್ ಪುಸ್ತಕ ನಮ್ಮಲ್ಲಿ 2021ರದ್ದಿತ್ತು. ಜನವರೀಲಿ ಬಂದಿದ್ದು, ಆಕ್ಸೆಷನ್ ರಿಜಿಸ್ಟರ್‌ಗೆ ನಾನೇ ಹತ್ತಿಸಿದ್ದೆ. ವಿದ್ಯಾರ್ಥಿಗಳು ಕೇಳೋದು ಅದನ್ನೇ, ಹಾಗಾಗಿ ಪ್ರತಿ ವರ್ಷ ತರಿಸ್ತೀವಿ. ಕನ್ನಡದ್ದು ಒಂದೇ ಪ್ರತಿ. ಯಾರೂ ಕೇಳಲ್ಲ ಅಂತ ಹೊಸದು ತರಿಸಿರಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಮೇಷ್ಟ್ರು ಮತ್ತೆ ಬಂದ್ರು. ಸಬ್‌ರಿಜಿಸ್ಟ್ರಾರ್ ಆಫೀಸ್ ಹತ್ರ ಪತ್ರ ಬರೆಯೋರೊಬ್ಬರು ಅವರಿಗೆ ವಿಷಯ ಹೇಳಿದ್ರಂತೆ. ಅಷ್ಟರಲ್ಲಿ ತೋಟ ಬೇರೆಯವರ ಹೆಸರಿಗೆ ಆಗಿಹೋಗಿತ್ತು. ನಾನು ಬೈಸಿಕೊಳ್ಳೋಕೆ ರೆಡಿಯಾಗಿ ನಿಂತೆ. ಅವರು ಬೈಯಲಿಲ್ಲ. ಅದೇ ಪುಸ್ತಕ ಇನ್ನೊಂದು ಸಲ ಕೇಳಿ, ಮುದ್ರಣದ ವರ್ಷ ನೋಡಿ, ‘ಪುಸ್ತಕದ ತಪ್ಪಲ್ಲ ಬಿಡಮ್ಮ. ಅಚ್ಚಾದ ದಿನಕ್ಕೆ ಸರಿಯಾಗೇ ಇತ್ತು’ ಅಂದ್ರು.

ಬೈದಿದ್ರೆ ಇಷ್ಟೊತ್ತಿಗೆ ಮರೆತಿರ್ತಿದ್ದೆ.

ಭಾಗ 3

ಶಿಕಾಗೋ. ಕೊನೆಗೂ!

ದಿಲ್ಲೀಲಿ ತಡ ಆಗಿ, ಅಲ್ಲಿ ಇಳಿದಾಗ ಶನಿವಾರ ಮಧ್ಯಾಹ್ನ. ಹೊಸಬರಿಗೆ ಅಂತಲೇ ಶನಿವಾರ ಇಟ್ಟಿದ್ದ ಕಾರ್ಯಕ್ರಮ ತಪ್ಪಿಹೋಯ್ತು. ಉಳಿದುಕೊಂಡಿದ್ದು ನೇಪರ್‌ವಿಲ್‌ನಲ್ಲಿ, ನಮ್ಮ ಅತ್ತೆಯ ನಾದಿನಿ ಮನೇಲಿ. ಬೆಳಿಗ್ಗೆ ಮೆಟ್ರಾ ರೈಲು ಹತ್ತಿ ಯೂನಿಯನ್ ಸ್ಟೇಷನ್‌ನಲ್ಲಿ ಇಳಿದು, ನದಿ ಪಕ್ಕದಲ್ಲೇ ನಡೆದುಕೊಂಡು ಹೋದ್ರೆ ಸಮ್ಮೇಳನದ ಹೋಟೆಲ್. ಎರಡು ಎತ್ತರದ ಕಟ್ಟಡ, ನೆಲದ ಕೆಳಗೆ ಎಷ್ಟು ಮಹಡಿ ಅಂತ ನನಗಂತೂ ಕೊನೇವರೆಗೂ ಲೆಕ್ಕ ಸಿಗಲಿಲ್ಲ. ಒಳಗೆ ಎಸಿ ಹೇಗಿತ್ತು ಅಂದ್ರೆ ಜುಲೈನಲ್ಲಿ ಶಾಲು ಹೊದ್ಕೊಂಡು ಕೂತಿದ್ದೆ. ಸ್ವೈಪ್ ಮಾಡಿದ್ರೆ ಸಾಕ್ಷಿ ಇದೆ.

ಕೊರಳಿಗೆ ಹಾಕೋ ಬ್ಯಾಡ್ಜಿಗೆ ಬಣ್ಣಬಣ್ಣದ ರಿಬ್ಬನ್ ಅಂಟಿಸ್ತಾರೆ. ಕೆಲವರದ್ದು ಹೊಟ್ಟೆವರೆಗೂ ಜೋತಾಡ್ತಿತ್ತು. ನನ್ನದಕ್ಕೆ ಒಂದೇ, ಮೊದಲ ಸಲ ಬಂದವರದ್ದು. ಅದರಿಂದ ಒಂದು ಲಾಭ ಆಯ್ತು, ಎಲ್ಲರೂ ತಾವಾಗೇ ಬಂದು ಮಾತಾಡಿಸ್ತಿದ್ರು.

ಎಕ್ಸಿಬಿಷನ್ ಹಾಲ್‌ನಲ್ಲಿ ನಾವು ಬರೀ ಹೆಸರು ಕೇಳಿರೋ ಕಂಪನಿಗಳೆಲ್ಲ ಅಂಗಡಿ ಹಾಕಿದ್ವು. ಎಲ್ಲ ಕಡೆ ಒಂದೇ ಮಾತು, ಎಐ. ಪ್ರಶ್ನೆ ಟೈಪ್ ಮಾಡಿದ್ರೆ ತೀರ್ಪು ಹುಡುಕಿ, ಸಾರಾಂಶ ಬರೆದು, ಸೈಟೇಷನ್ ಸಮೇತ ಕೊಡುತ್ತೆ. ಪೆನ್ನು, ಚೀಲ, ಚಾಕ್ಲೇಟು ಬೇರೆ ಫ್ರೀ. ಆದ್ರೆ ಲೈಬ್ರೇರಿಯನ್‌ಗಳ ಮುಖ ನೋಡ್ಬೇಕಿತ್ತು ನೀವು, ಬಂಗಾರ ಉಜ್ಜಿ ನೋಡೋ ಅಕ್ಕಸಾಲಿಗರ ಹಾಗೆ ನಿಂತಿದ್ರು. ಹಿಂದಿನ ವರ್ಷ ನ್ಯೂಯಾರ್ಕಿನಲ್ಲಿ ಇಬ್ಬರು ವಕೀಲರು ಚಾಟ್‌ಜಿಪಿಟಿ ಹುಟ್ಟಿಸಿದ ಇಲ್ಲದ ತೀರ್ಪುಗಳನ್ನ ಕೋರ್ಟಿಗೆ ಕೊಟ್ಟು 5,000 ಡಾಲರ್ ದಂಡ ಹಾಕಿಸಿಕೊಂಡಿದ್ರಲ್ಲ, ಮಾಟಾ ವಿರುದ್ಧ ಏವಿಯಾಂಕಾ ಕೇಸು, ಅದು ಎಲ್ಲರ ಬಾಯಲ್ಲೂ ಇತ್ತು. ಸಮ್ಮೇಳನಕ್ಕೆ ಎರಡು ತಿಂಗಳ ಮುಂಚೆ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಇನ್ನೊಂದು ಬಾಂಬ್ ಹಾಕಿದ್ರು. ಕಾನೂನಿಗೆ ಅಂತಲೇ ಮಾಡಿ ಮಾರೋ ದೊಡ್ಡ ಕಂಪನಿಗಳ ಎಐಗಳೂ ನೂರಕ್ಕೆ 17ರಿಂದ 33 ಸಲ ಸುಳ್ಳು ಬೆರೆಸ್ತವೆ ಅಂತ. ‘ನಮ್ಮದರಲ್ಲಿ ಆ ಸಮಸ್ಯೆ ಇಲ್ಲ’ ಅಂತ ಅಂಗಡಿಯವರು ಹೇಳೋದು, ಇವರು ಮೊಬೈಲಲ್ಲಿ ಬರೆದುಕೊಂಡು ಬಂದ ಕಷ್ಟದ ಪ್ರಶ್ನೆ ಹಾಕೋದು. ಒಳ್ಳೇ ಮಜಾ.

ನನಗೆ ಮಾತ್ರ ಒಳಗೊಳಗೇ ನಾಚಿಕೆ. ನಾನು ಮೇಷ್ಟ್ರಿಗೆ ಸುಳ್ಳು ಕಾನೂನು ತೋರಿಸೋಕೆ ಎಐ ಬೇಕಾಗಿರಲಿಲ್ಲ.

ಭಾನುವಾರದ ಒಂದು ಘಟನೆ ಹೇಳಲೇಬೇಕು. ಮಧ್ಯಾಹ್ನ ಒಂದು ಗಂಟೆಗೆ ಸ್ವಲ್ಪ ಮುಂಚೆ ಹಾಲ್‌ನಲ್ಲಿ ಎಲ್ಲರ ಫೋನೂ ಒಟ್ಟಿಗೆ ಗುಂಯ್ ಅಂದವು. ಅಧ್ಯಕ್ಷ ಬೈಡನ್ ಚುನಾವಣೆಗೆ ನಿಲ್ಲಲ್ಲ ಅಂತ ಎಕ್ಸ್‌ನಲ್ಲಿ ಪತ್ರ ಹಾಕಿದ್ರು. ಒಂದು ತಿಂಗಳಲ್ಲಿ ಅದೇ ಊರಲ್ಲಿ ಅವರ ಪಕ್ಷದ ಅಧಿವೇಶನ ಬೇರೆ. ಬೇರೆ ಎಲ್ಲಾದ್ರೂ ಆಗಿದ್ರೆ ಜನ ಕೂಗಾಡ್ತಿದ್ರು. ಇಲ್ಲಿ ನನ್ನ ಪಕ್ಕದಲ್ಲಿದ್ದಾಕೆ ಪತ್ರ ಪೂರ್ತಿ ಓದೋಕೆ ಮುಂಚೆನೇ ಆ ಪುಟವನ್ನ ವೆಬ್ ಆರ್ಕೈವ್‌ಗೆ ಸೇವ್ ಮಾಡಿದ್ರು. ಎದುರಿಗಿದ್ದವರು, ‘ಇದು ಯಾವ ಲೆಟರ್‌ಹೆಡ್ಡು? ಶ್ವೇತಭವನದ್ದಲ್ವಲ್ಲ’ ಅಂದ್ರು. ನನಗೆ ಆಗ ಅನ್ನಿಸ್ತು, ಓ, ನಾನು ನಮ್ಮೋರ ಮಧ್ಯೆನೇ ಇದ್ದೀನಿ.

ಭಾಗ 4

ಇದು ಚಿಕ್ಕ ಪೋಸ್ಟ್. ಫೋಟೋ ಇಲ್ಲ, ಯಾಕಂದ್ರೆ ಆವಾಗ ಫೋಟೋ ತೆಗೆಯೋ ಸ್ಥಿತೀಲಿ ನಾನಿರಲಿಲ್ಲ.

ಸೋಮವಾರ ಒಂದು ದುಂಡು ಮೇಜಿನ ಸುತ್ತ ಏಳೆಂಟು ಜನ ಕೂತಿದ್ವಿ. ಮಾತು ಕಾಯ್ದೆಗಳ ಅನುವಾದದ್ದು. ಕೆನಡಾದಿಂದ ಬಂದಿದ್ದ ಒಬ್ಬರು ಹೇಳಿದ್ರು, ಅಲ್ಲಿ ಸಂಸತ್ತಿನ ಕಾಯ್ದೆಗಳ ಇಂಗ್ಲಿಷ್ ಪಾಠ, ಫ್ರೆಂಚ್ ಪಾಠ ಎರಡೂ ಸಮಾನವಾಗಿ ಅಧಿಕೃತ, ಸಂವಿಧಾನದಲ್ಲೇ ಬರೆದಿದೆ ಅಂತ. ಒಂದು ಮೂಲ, ಇನ್ನೊಂದು ಅನುವಾದ ಅನ್ನೋ ಲೆಕ್ಕವೇ ಇಲ್ಲ. ಆಮೇಲೆ ನನ್ನ ಕಡೆ ತಿರುಗಿ, ‘ನಿಮ್ಮ ರಾಜ್ಯದಲ್ಲಿ ಹೇಗೆ?’ ಅಂತ ಕೇಳಿದ್ರು.

ಎಂ.ಲಿಬ್ ಗೋಲ್ಡ್ ಮೆಡಲಿಸ್ಟ್ ಬ್ಬೆಬ್ಬೆಬ್ಬೆ!

‘ಎರಡೂ ಇರುತ್ತೆ’ ಅಂದೆ. ‘ಎರಡರಲ್ಲಿ ವ್ಯತ್ಯಾಸ ಬಂದ್ರೆ?’ ಅಂದ್ರು. ಗೊತ್ತಿಲ್ಲ ಅಂತ ಒಪ್ಪಿಕೊಂಡೆ. ಪರವಾಗಿಲ್ಲ, ನಾಳೆ ಹೇಳಿ ಅಂದ್ರು, ಬೇಜಾರಿಲ್ಲದೆ. ರಾತ್ರಿ ನೇಪರ್‌ವಿಲ್‌ನಲ್ಲಿ ಚಟ್ನಿಪುಡಿ ಅನ್ನ ಕಲಸ್ಕೊಂಡು ಫೋನಲ್ಲಿ ಸಂವಿಧಾನ ತೆಗೆದೆ. 348ನೇ ವಿಧಿ. ರಾಜ್ಯದ ಶಾಸಕಾಂಗ ತನ್ನ ಕಾಯ್ದೆಗಳಿಗೆ ಇಂಗ್ಲಿಷ್ ಅಲ್ಲದ ಭಾಷೆ ಗೊತ್ತುಮಾಡಿಕೊಂಡ್ರೂ, ರಾಜ್ಯಪಾಲರ ಅಧಿಕಾರದಡಿ ರಾಜ್ಯಪತ್ರದಲ್ಲಿ ಪ್ರಕಟವಾದ ಇಂಗ್ಲಿಷ್ ಅನುವಾದವನ್ನ ಇಂಗ್ಲಿಷಿನ ಅಧಿಕೃತ ಪಾಠ ಅಂತ ಪರಿಗಣಿಸಬೇಕು. ಲಾ ಓದ್ತಿರೋರು ಈ ವಿಧಿಯ ಮೂರನೇ ಖಂಡ ಒಂದ್ಸಲ ಓದಿ, ಪರೀಕ್ಷೆಗಲ್ಲ, ಸುಮ್ನೆ. 1963ರಿಂದ ಕನ್ನಡ ನಮ್ಮ ಆಡಳಿತ ಭಾಷೆ. ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ ಕೈಗೆ ಬೇಕಾಗೋದು ಮಾತ್ರ ಇಂಗ್ಲಿಷ್ ಪ್ರತಿ.

ಮಂಗಳವಾರ ಅದೇ ಮೇಜಿನೋರಿಗೆ ಉತ್ತರ ಹೇಳಿದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದ್ರೆ ಮಾತು ಶುರುವಾದ ಮೇಲೆ ಬಾಯಿ ನಿಲ್ಲಲಿಲ್ಲ. ‘ಕಾನೂನಿನ ಪುಸ್ತಕದಲ್ಲಿ ಹೀಗಿದೆ. ನನ್ನ ಕಪಾಟಿನಲ್ಲಿ ಏನಿದೆ ಗೊತ್ತಾ? ಇಂಗ್ಲಿಷ್ ಓದೋರಿಗೆ ಈ ವರ್ಷದ ಕಾನೂನು, ಕನ್ನಡ ಓದೋರಿಗೆ ಹತ್ತು ವರ್ಷದ ಹಿಂದಿನ ಕಾನೂನು’ ಅಂದುಬಿಟ್ಟೆ. ಮೇಷ್ಟ್ರ ಕತೆ ಪೂರ್ತಿ ಹೇಳಿದೆ, ನನ್ನ ಹರುಕುಮುರುಕು ಇಂಗ್ಲಿಷಿನಲ್ಲಿ.

ಯಾರೂ ‘ಅಯ್ಯೋ ಬಿಡಿ’ ಅನ್ನಲಿಲ್ಲ. ಒಬ್ಬರು ಕೇಳಿದ್ದು ಒಂದೇ ಪ್ರಶ್ನೆ. ‘ಆ ಪುಸ್ತಕ ಈಗ ಎಲ್ಲಿದೆ?’

ಕಪಾಟಿನಲ್ಲೇ ಇತ್ತು. ಅದೇ ಜಾಗದಲ್ಲಿ. ಮೂರು ವರ್ಷದಿಂದ ಒಳಗೊಳಗೇ ಕೊರಗಿದ್ದೆ, ಆ ಪುಸ್ತಕದ ಮೇಲೆ ಒಂದು ಚೀಟಿ ಅಂಟಿಸಿರಲಿಲ್ಲ.

ಭಾಗ 5

ಹಾಗೆ ಕೇಳಿದವರು ಶಿಕಾಗೋದವರೇ. ಬೆಳ್ಳಿ ಕೂದಲಿನ ಹಿರಿಯ ಲೈಬ್ರೇರಿಯನ್, ನಿವೃತ್ತಿಗೆ ಹತ್ತಿರ. ‘ನಾಳೆ ಪುರುಸೊತ್ತಿದ್ರೆ ನಮ್ಮ ಊರಿನ ಸಾರ್ವಜನಿಕ ಲಾ ಲೈಬ್ರರಿ ನೋಡ್ಕೊಂಡು ಹೋಗಿ, ನಾನೂ ಬರ್ತೀನಿ’ ಅಂದ್ರು.

ಬುಧವಾರ ಹೋದ್ವಿ. ಫೋಟೋದಲ್ಲಿ ತುಕ್ಕು ಬಣ್ಣದ ದೊಡ್ಡ ಉಕ್ಕಿನ ಪ್ರಾಣಿ ಕಾಣ್ತಿದೆಯಲ್ಲ, ಅದು ಪಿಕಾಸೋ ಮಾಡಿದ್ದು, 50 ಅಡಿ ಎತ್ತರ, 1967ರಿಂದ ಅಲ್ಲೇ ನಿಂತಿದೆ. ಹಸುನಾ, ಹೆಂಗಸಾ, ಹಕ್ಕಿನಾ ಅಂತ ಇವತ್ತಿಗೂ ತೀರ್ಮಾನ ಆಗಿಲ್ವಂತೆ. ಮಕ್ಕಳು ಅದರ ಬುಡದಲ್ಲಿ ಜಾರುಬಂಡೆ ಆಡ್ತಾರೆ. ಹಿಂದಿರೋ ಗೋಪುರ ಡೇಲಿ ಸೆಂಟರ್, ಒಳಗೆಲ್ಲ ಕೋರ್ಟುಗಳು. 29ನೇ ಮಹಡೀಲಿ ಕುಕ್ ಕೌಂಟಿಯ ಲಾ ಲೈಬ್ರರಿ. ವಕೀಲರೇ ಆಗಬೇಕು ಅಂತಿಲ್ಲ, ಯಾರು ಬೇಕಾದ್ರೂ ಬರಬಹುದು.

ಮತ್ತೆ ಯಾರ್ಯಾರೋ ಬರ್ತಾರೆ. ನಾನು ಒಂದು ಮೂಲೇಲಿ ಕೂತು ಬೆಳಿಗ್ಗೆಯೆಲ್ಲ ಕೌಂಟರ್ ನೋಡಿದೆ. ಒಬ್ಬಾಕೆ ಮಗು ಎತ್ತಿಕೊಂಡು ಬಂದ್ರು, ಮನೆ ಖಾಲಿ ಮಾಡಿ ಅಂತ ನೋಟಿಸ್ ಬಂದಿದೆ. ಒಬ್ಬ ಮುದುಕರು ಹೆಂಡತಿ ತೀರಿಕೊಂಡ ಮೇಲೆ ಕಾರನ್ನ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಕೈಲಿ ಪ್ಲಾಸ್ಟಿಕ್ ಕವರು, ಕವರಿನ ತುಂಬ ಕಾಗದ. ನಮ್ಮ ತಾಲ್ಲೂಕು ಆಫೀಸಿನ ಮುಂದೆ ಪಹಣಿ ಹಿಡ್ಕೊಂಡು ನಿಲ್ಲೋರ ಥರಾನೇ. ಅಮೆರಿಕ ಅಂದ್ರೆ ಎಲ್ಲರ ಹತ್ರನೂ ಲಾಯರ್ ಇರ್ತಾನೆ ಅಂತ ಸಿನಿಮಾ ನೋಡಿ ಅಂದುಕೊಂಡಿದ್ದೆ. ಹಾಗೇನಿಲ್ಲ.

ಕೌಂಟರಿನಲ್ಲಿದ್ದವರು ಅವರ ಜೊತೆ ಮಾತಾಡೋ ರೀತಿ ಗಮನಿಸಿ ನೋಡೋ ಹಾಗಿತ್ತು. ‘ನಾನು ಏನು ಮಾಡಬೇಕು?’ ಅಂತ ಕೇಳಿದ್ರೆ ಉತ್ತರ ಇಲ್ಲ. ಅದು ಸಲಹೆ, ಅದನ್ನ ವಕೀಲರೇ ಕೊಡಬೇಕು, ಲೈಬ್ರೇರಿಯನ್ ಕೊಟ್ರೆ ತಪ್ಪು. ‘ಇದರ ಬಗ್ಗೆ ಕಾನೂನು ಎಲ್ಲಿದೆ?’ ಅಂದ್ರೆ ಎದ್ದು ಬಂದು, ಪುಟ ತೆಗೆದು, ಜೊತೇಲಿ ಕೂತ್ಕೋತಾರೆ. ಈ ಗೆರೆ ನನಗೂ ಗೊತ್ತಿತ್ತು, ಕ್ಲಾಸಲ್ಲಿ ಓದಿದ್ದೆ. ನಿಜ ಹೇಳ್ಬೇಕಂದ್ರೆ ಮೇಷ್ಟ್ರ ವಿಷಯದಲ್ಲಿ ಅದೇ ಗೆರೆ ಹಿಂದೆ ಬಚ್ಚಿಟ್ಟುಕೊಂಡಿದ್ದೆ. ‘ನಾನು ಸಲಹೆ ಕೊಟ್ಟಿಲ್ಲ, ಪುಸ್ತಕ ಕೊಟ್ಟೆ ಅಷ್ಟೇ’ ಅಂತ ಎಷ್ಟು ಸಲ ನನಗೆ ನಾನೇ ಹೇಳ್ಕೊಂಡಿದ್ದೆ.

ಆದ್ರೆ ಆ ಕೌಂಟರಿನೋರು ಪ್ರತಿ ಸಲ, ಒಂದ್ಸಲನೂ ಬಿಡದೆ, ಪುಸ್ತಕ ಕೈಗೆ ಕೊಡೋ ಮುಂಚೆ ಒಂದು ಕೆಲಸ ಮಾಡ್ತಿದ್ರು. ಕೊನೇ ರಟ್ಟು ತೆರೆದು ನೋಡ್ತಿದ್ರು. ಅಮೆರಿಕದ ಕಾನೂನು ಪುಸ್ತಕಗಳ ಹಿಂದಿನ ರಟ್ಟಿಗೆ ಒಂದು ಜೇಬು ಇರುತ್ತೆ. ಪುಸ್ತಕ ಅಚ್ಚಾದ ಮೇಲೆ ಏನೇನು ಬದಲಾಯ್ತು ಅಂತ ಆಗಾಗ ಒಂದು ಕಿರುಪುಸ್ತಕ ಬರುತ್ತೆ, ಅದನ್ನ ಆ ಜೇಬಿಗೆ ಸಿಕ್ಕಿಸ್ತಾರೆ. ಪಾಕೆಟ್ ಪಾರ್ಟ್ ಅಂತಾರೆ ಅದಕ್ಕೆ. ‘ಮುಂದಿನ ಪುಟ ಓದಿದ ಮೇಲೆ ಹಿಂದಿನ ಜೇಬೂ ನೋಡಿ’ ಅಂತ ಮಗು ಎತ್ತಿಕೊಂಡಿದ್ದ ಆಕೆಗೆ ಹೇಳಿದ್ರು. ಅದಾದ ಮೇಲೆ ಕಂಪ್ಯೂಟರಿನಲ್ಲಿ ಇನ್ನೊಂದ್ಸಲ. ಈಗ ಎಲ್ಲ ಕಂಪ್ಯೂಟರಿನಲ್ಲೇ ಸಿಗುತ್ತೆ, ಆದ್ರೂ ಆ ಅಭ್ಯಾಸ ಬಿಟ್ಟಿಲ್ಲ.

ಬೆಳ್ಳಿ ಕೂದಲಿನವರು ನನ್ನನ್ನ ಕಿಟಕಿ ಹತ್ರ ಕರ್ಕೊಂಡು ಹೋಗಿ ಒಂದು ಕತೆ ಹೇಳಿದ್ರು. ಸಮ್ಮೇಳನದಲ್ಲಿ ನಾಲ್ಕು ದಿನ ‘ಶೆಫರ್ಡೈಸ್ ಮಾಡಿದ್ರಾ?’ ಅನ್ನೋ ಮಾತು ಕೇಳಿ ಕೇಳಿ ಸಾಕಾಗಿತ್ತು ನನಗೆ. ಅಂದ್ರೆ ಈ ತೀರ್ಪು ಇನ್ನೂ ಜೀವಂತ ಇದೆಯಾ, ಯಾವುದಾದ್ರೂ ಮೇಲಿನ ಕೋರ್ಟು ತಳ್ಳಿಹಾಕಿದೆಯಾ ಅಂತ ಪರೀಕ್ಷೆ ಮಾಡೋದು. ಆ ಕ್ರಿಯಾಪದ ಬಂದಿದ್ದು ಫ್ರಾಂಕ್ ಶೆಫರ್ಡ್ ಅನ್ನೋ ಮನುಷ್ಯನಿಂದ. 1873ರಲ್ಲಿ, ಇದೇ ಇಲಿನಾಯ್‌ನಲ್ಲಿ. ಅವನು ಮಾಡಿದ್ದೇನು ಗೊತ್ತಾ? ಗೋಂದು ಹಚ್ಚಿದ ಸಣ್ಣ ಸಣ್ಣ ಚೀಟಿ ಅಚ್ಚು ಹಾಕಿಸಿ ಮಾರಿದ. ಯಾವ ತೀರ್ಪನ್ನ ಆಮೇಲೆ ಯಾವ ತೀರ್ಪು ಎತ್ತಿ ಹೇಳಿದೆ ಅಂತ ಆ ಚೀಟೀಲಿ ಇರೋದು. ವಕೀಲರು ಅದನ್ನ ನಾಲಿಗೆಗೆ ತಾಗಿಸಿ ಪುಸ್ತಕದ ಅಂಚಿಗೆ ಅಂಟಿಸಿಕೊಳ್ಳೋರು. ಇವತ್ತು ಕೋಟ್ಯಂತರ ಡಾಲರಿನ ಸಾಫ್ಟ್‌ವೇರ್ ಮಾಡೋ ಕೆಲಸ ಶುರುವಾಗಿದ್ದು ಗೋಂದಿನ ಚೀಟಿಯಿಂದ.

‘ನಿಮ್ಮ ಹತ್ರ ಗೋಂದು ಇದೆಯಲ್ಲ?’ ಅಂದ್ರು ಅವರು.

ಲಿಫ್ಟಿನಲ್ಲಿ 29 ಮಹಡಿ ಇಳಿಯೋ ಹೊತ್ತಿಗೆ ಕಿವಿ ಕಟ್ಟಿತು. ಕೆಳಗೆ ಬಂದು ಪಿಕಾಸೋ ಪ್ರಾಣಿ ಪಕ್ಕ ಕೂತು ಅಮ್ಮ ಕೊಟ್ಟಿದ್ದ ಕೊನೇ ನಿಪ್ಪಟ್ಟು ತಿಂದೆ. ಅಳು ಬಂತು ಅಂತ ಬರೆದ್ರೆ ನಮ್ಮ ಬ್ಯಾಚಿನ ಗ್ರೂಪಲ್ಲಿ ಕಾಲೆಳೀತೀರ, ಆದ್ರೂ ಬಂತು.

ಭಾಗ 6

ಬಂದ ಮೇಲೆ ಏನು ಮಾಡಿದೆ ಅಂತ ಕೇಳ್ತಿದ್ರಿ. ಅಮೆರಿಕದಿಂದ ಬಂದೋಳು ಏನೋ ದೊಡ್ಡದು ಮಾಡ್ತಾಳೆ ಅಂದ್ಕೊಂಡಿದ್ರೆ ಕ್ಷಮಿಸಿ. ಸ್ಟಿಕ್ಕರ್ ಅಚ್ಚು ಹಾಕಿಸಿದೆ. ಹಳದಿ ಬಣ್ಣದ್ದು. ‘ಈ ಪುಸ್ತಕದಲ್ಲಿರುವುದು ______ ವರೆಗಿನ ಕಾನೂನು. ಅನಂತರದ ತಿದ್ದುಪಡಿಗಳಿಗೆ ಕೌಂಟರಿನಲ್ಲಿ ಕೇಳಿ.’ ಖಾಲಿ ಜಾಗದಲ್ಲಿ ತಾರೀಖು ನಾನೇ ಪೆನ್ನಲ್ಲಿ ಬರೀತೀನಿ. ಬೋರ್ಡಿಂಗ್ ಪಾಸ್ ಹುಡುಗನ ಥರ.

ಅಷ್ಟು ಸುಲಭವಾಗಿ ಆಗಲಿಲ್ಲ. ಮೇಲಿನವರು ಸ್ಟಿಕ್ಕರ್ ನೋಡಿ, ‘ನಮ್ಮ ಪುಸ್ತಕ ಹಳೇದು ಅಂತ ನಾವೇ ಬರೆದು ಅಂಟಿಸೋದಾ? ಇನ್ಸ್‌ಪೆಕ್ಷನ್‌ಗೆ ಬಂದೋರು ಏನಂದ್ಕೋತಾರೆ?’ ಅಂದ್ರು. ಅವರದ್ದೂ ಪೂರ್ತಿ ತಪ್ಪಲ್ಲ. ಇನ್ಸ್‌ಪೆಕ್ಷನ್‌ನಲ್ಲಿ ಎಷ್ಟು ಪುಸ್ತಕ ಇದೆ ಅಂತ ಎಣಿಸ್ತಾರೆ, ಎಷ್ಟು ಪುಸ್ತಕ ಇನ್ನೂ ನಿಜ ಹೇಳುತ್ತೆ ಅಂತ ಯಾರೂ ಎಣಿಸಲ್ಲ. ಹೋಗಲಿ ಹಳೇ ಪುಸ್ತಕ ತೆಗೆದುಹಾಕೋಣ ಅಂದ್ರೆ ಅದೂ ಆಗಲ್ಲ, ಆಗಬಾರದು ಕೂಡ. 2012ರಲ್ಲಿ ನಡೆದ ವ್ಯವಹಾರದ ಕೇಸು ಇವತ್ತು ನಡೀತಿದ್ರೆ 2012ರಲ್ಲಿ ಕಾನೂನು ಏನಿತ್ತು ಅಂತಲೇ ನೋಡಬೇಕಲ್ಲ. ಬ್ರಿಟನ್ನಿನ ಸರ್ಕಾರಿ ಕಾನೂನು ಜಾಲತಾಣದಲ್ಲಿ ಎಷ್ಟೋ ಕಾಯ್ದೆಗಳನ್ನ ಹಿಂದಿನ ತಾರೀಖು ಕೊಟ್ಟು, ಆವತ್ತು ಹೇಗಿತ್ತೋ ಹಾಗೆ ನೋಡಬಹುದು, ದುಡ್ಡಿಲ್ಲದೆ. ನಮ್ಮಲ್ಲಿ ಆ ಕೆಲಸ ಹಳೇ ಪುಸ್ತಕಗಳೇ ಮಾಡ್ಬೇಕು. ಆ 2013ರ ಪುಸ್ತಕ ಕಪಾಟಿನಲ್ಲಿ ಇರಬೇಕು, ತನ್ನ ವಯಸ್ಸು ಹೇಳ್ಕೊಂಡು ಇರಬೇಕು.

ಕೊನೆಗೆ ರಾಜಿ ಆಯ್ತು. ಹೊರಗೆ ಬೇಡ, ಒಳರಟ್ಟಿಗೆ ಅಂಟಿಸಿ ಅಂದ್ರು. ಸರಿ ಅಂದೆ. ಕನ್ನಡದ ಪುಸ್ತಕಗಳಿಗೆ ಮಾತ್ರ ಒಂದು ಹಳದಿ ದಾರವನ್ನೂ ಹಾಕಿದೀನಿ, ಪುಟದಿಂದ ಹೊರಗೆ ಇಣುಕೋ ಹಾಗೆ. ದಾರದ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ.

ಸಂಜೆ ಹೊತ್ತು ಒಂದೊಂದು ಸಾಲು ಮುಗಿಸ್ತಿದ್ದೀನಿ. ಎರಡನೇ ವರ್ಷದ ಇಬ್ಬರು ಹುಡುಗೀರು ಸಹಾಯಕ್ಕೆ ಬರ್ತಾರೆ. ತಾರೀಖು ಕಂಡುಹಿಡಿಯೋದೇ ಕಷ್ಟದ ಕೆಲಸ. ಮುದ್ರಣದ ವರ್ಷ 2019 ಅಂತಿರುತ್ತೆ, ಒಳಗೆ ನೋಡಿದ್ರೆ 2016ರ ತಿದ್ದುಪಡಿ ಸೇರಿಸಿರಲ್ಲ. ಹಳೇ ಪುಸ್ತಕಕ್ಕೆ ಹೊಸ ರಟ್ಟು. ಅಂಥದ್ದು ಸಿಕ್ಕಾಗ ಆ ಹುಡುಗೀರು ‘ಸಿಕ್ಕಿಬಿದ್ದ!’ ಅಂತ ಕೂಗ್ತಾರೆ. ಲಾ ಓದ್ತಿರೋ ತಮ್ಮತಂಗೀರೇ, ಬೇರ್ ಆಕ್ಟ್ ಕೊಳ್ಳೋವಾಗ ರಟ್ಟಿನ ಮೇಲಿನ ವರ್ಷ ನಂಬಬೇಡಿ, ಕೊನೇ ತಿದ್ದುಪಡಿ ಯಾವುದು ಸೇರಿದೆ ಅಂತ ಒಳಗೆ ನೋಡಿ. ಇಂಡಿಯಾ ಕೋಡ್ ಜಾಲತಾಣದಲ್ಲಿ ಕೇಂದ್ರದ ಕಾಯ್ದೆಗಳ ಜೊತೆ ರಾಜ್ಯದವೂ ಇವೆ. ನಮ್ಮ ರಾಜ್ಯದ ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ಜಾಲತಾಣದಲ್ಲಿ ಕರ್ನಾಟಕದ ಕಾಯ್ದೆಗಳು ಕನ್ನಡದಲ್ಲೂ ಸಿಗ್ತವೆ. ಅಲ್ಲಿ ನೋಡಿದ್ರೂ ತಾರೀಖು ನೋಡಿ.

ಈ ವರ್ಷದ ಪುಸ್ತಕದ ಪಟ್ಟೀಲಿ ಮೊದಲ ಸಲ ಕನ್ನಡದ ಹನ್ನೊಂದು ಕಾಯ್ದೆ ಬರೆದು ಕಳಿಸಿದೀನಿ. ಏಳಕ್ಕೆ ಒಪ್ಪಿಗೆ ಸಿಕ್ಕಿದೆ. ಉಳಿದ ನಾಲ್ಕಕ್ಕೆ ‘ಬೇಡಿಕೆ ಇಲ್ಲ’ ಅಂತ ಕೆಂಪು ಇಂಕಲ್ಲಿ ಬರೆದು ವಾಪಸ್ ಬಂತು. ಮುಂದಿನ ವರ್ಷ ಮತ್ತೆ ಕಳಿಸ್ತೀನಿ.

ಚಿಕ್ಕಪ್ಪ ಮೊನ್ನೆ ಮನೆಗೆ ಬಂದಾಗ ಕೇಳಿದ್ರು, ‘ಏನಮ್ಮಾ, ಅಮೆರಿಕದಲ್ಲಿ ಏನು ಕಲಿತೆ?’ ‘ಸ್ಟಿಕ್ಕರ್ ಅಂಟಿಸೋದು’ ಅಂದೆ. ಈ ಸಲ ನಗಲಿಲ್ಲ, ಪಾಪ ಅನ್ನೋ ಹಾಗೆ ನೋಡಿದ್ರು.

ಭಾಗ 7

ಮೇಷ್ಟ್ರ ಮನೆ ಹುಡುಕೋದು ಕಷ್ಟ ಆಗಲಿಲ್ಲ. ಲೈಬ್ರರಿಯ ಸಂದರ್ಶಕರ ಪುಸ್ತಕದಲ್ಲಿ ವಿಳಾಸ ದುಂಡಗೆ ಬರೆದಿದ್ರು. ಕಳೆದ ಭಾನುವಾರ ಹೋದೆ.

ಅವರ ಫೋಟೋ ಹಾಕಲ್ಲ. ಅವರ ಮನೆ ಮುಂದಿನ ಎರಡು ತೆಂಗಿನ ಗಿಡದ ಫೋಟೋ ಇದೆ, ಸಿಮೆಂಟಿನ ಅಂಗಳದಲ್ಲಿ ಅಷ್ಟಗಲ ಒಡೆದು ನೆಟ್ಟಿರೋದು. ಇನ್ನೂ ಮಂಡಿಯೆತ್ತರ.

ತೋಟದ ಮಾತು ನಾನೇ ತೆಗೆದೆ. ಹೇಳೋಕೆ ಮೂರು ವರ್ಷದಿಂದ ರೆಡಿ ಮಾಡಿಟ್ಟುಕೊಂಡಿದ್ದ ಮಾತೆಲ್ಲ ಗಂಟಲಲ್ಲೇ ಉಳೀತು. ‘ತಪ್ಪಾಯ್ತು ಸರ್. ಇಂಗ್ಲಿಷಿನದ್ದು ಹೊಸ ಪುಸ್ತಕ ಪಕ್ಕದ ಕಪಾಟಿನಲ್ಲೇ ಇತ್ತು’ ಅಂದೆ. ಇದು ಅವರಿಗೆ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ರು. ಒಳಗಿಂದ ಕುಕ್ಕರ್ ಕೂಗೋದು ಕೇಳಿಸ್ತಿತ್ತು. ‘ಹೂಂ’ ಅಂದ್ರು. ‘ಅಂದ್ರೆ ಕನ್ನಡ ಕೇಳಿದ್ದು ನಂದೇ ತಪ್ಪಾಯ್ತು ಅನ್ನು.’ ನಗ್ತಾ ಹೇಳಿದ್ರಾ, ನೊಂದು ಹೇಳಿದ್ರಾ, ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಆ ತೋಟ ಈಗ ತೋಟವಾಗಿ ಉಳಿದಿಲ್ವಂತೆ. ಹೋಗಿ ನೋಡಿಲ್ಲ ಅಂದ್ರು.

ಚೀಲದಿಂದ ಒಂದು ಕಟ್ಟು ತೆಗೆದು ಕೊಟ್ಟೆ. ಭೂ ಸುಧಾರಣಾ ಕಾಯ್ದೆ, ಕನ್ನಡದ್ದು, ತಿದ್ದುಪಡಿಗಳನ್ನ ಹುಡುಕಿ ಜೊತೆಗಿಟ್ಟು, ಸ್ಪೈರಲ್ ಬೈಂಡಿಂಗ್ ಮಾಡಿಸಿದ್ದೆ. ಮೇಲೆ ಹಳದಿ ಸ್ಟಿಕ್ಕರ್. ಇನ್ನು ಇದರಿಂದ ಅವರಿಗೇನು ಉಪಯೋಗ ಅಂತ ನೀವು ಕೇಳಬಹುದು, ಅಮ್ಮನೂ ಕೇಳಿದ್ಲು. ಗೊತ್ತಿಲ್ಲ.

ಮೇಷ್ಟ್ರು ಕನ್ನಡಕ ಹಾಕ್ಕೊಂಡ್ರು. ಪುಟ ತಿರುಗಿಸಲಿಲ್ಲ, 79ಎ ಹುಡುಕಲಿಲ್ಲ. ಮೊದಲು ಸ್ಟಿಕ್ಕರಿನ ತಾರೀಖು ನೋಡಿದ್ರು, ಬೆರಳಿಟ್ಟು.

‘ಇವತ್ತಿಂದಾ?’

‘ನಿನ್ನೆ ಸಂಜೆವರೆಗಿಂದು ಸರ್.’

‘ಹಾಗಾದ್ರೆ ಇವತ್ತು ಬೆಳಿಗ್ಗೆ ಏನಾದ್ರೂ ಬದಲಾಗಿದ್ರೆ?’ ಅಂದ್ರು, ಕನ್ನಡಕದ ಮೇಲಿಂದ ನೋಡ್ತಾ. ಪಕ್ಕಾ ಮೇಷ್ಟ್ರು.

‘ಭಾನುವಾರ ಸರ್. ವಿಶೇಷ ರಾಜ್ಯಪತ್ರ ಬಂದಿದೆಯಾ ಅಂತ ನೋಡ್ತೀನಿ, ತಡೀರಿ’ ಅಂದು ಫೋನ್ ತೆಗೆದೆ.

‘ನೋಡು, ನೋಡು’ ಅಂದು, ಒಳಗೆ ತಿರುಗಿ ಕಾಫಿಗೆ ಹೇಳಿದ್ರು.